ಕೀರ್ತಿಯ ನಿಕ್ಷೇಪ: ಅಗಲಿದವರ ಪದಕಗಳನ್ನು ಕುರಿತು ಒಂದು ಧರ್ಮವಿಚಾರ

ಮನುಷ್ಯನು ಲೋಕವನ್ನು ಬಿಟ್ಟು ಹೋಗುವಾಗ ಉಳಿಸಿಹೋಗುವ ವಸ್ತುಗಳು ಎರಡು ಬಗೆಯವು. ಅವನು ತಾನೇ ಕೈಯಲ್ಲಿ ಹಿಡಿದು ಬಳಸಿದುವು ಕೆಲವು. ಅವನ ಎದೆಯ ಮೇಲೆ ಪರರು ತೊಡಿಸಿದುವು ಕೆಲವು. ಕನ್ನಡಕ, ಲೇಖನಿ, ಊರುಗೋಲು, ಪುಸ್ತಕ ಇವು ಮೊದಲನೆಯ ಬಗೆ. ಪದಕ, ಸನ್ನದು, ಮಾನಪತ್ರ ಇವು ಎರಡನೆಯ ಬಗೆ. ಮೊದಲನೆಯವು ಅವನು ಏನು ಮಾಡಿದನೆಂಬುದಕ್ಕೆ ಸಾಕ್ಷಿ. ಎರಡನೆಯವು ಅವನು ಮಾಡಿದುದನ್ನು ಲೋಕವು ಏನೆಂದು ಬಗೆಯಿತೆಂಬುದಕ್ಕೆ ಸಾಕ್ಷಿ. ಒಡೆಯನು ಅಳಿದ ಬಳಿಕ ಇವು ಯಾರಿಗೆ ಸೇರತಕ್ಕವು? ಇವನ್ನು ಏನು ಮಾಡುವುದು ಧರ್ಮ? ಈ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಸತ್ತವರಿಗೂ ಬದುಕಿರುವವರಿಗೂ ಇರುವ ಸಂಬಂಧವೆಂತಹುದೆಂಬ ದೊಡ್ಡ ಪ್ರಶ್ನೆಯು ಇದರೊಳಗೆ ಅಡಗಿರುವುದರಿಂದ, ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಅನುಚಿತವಾಗಲಾರದು.

ನಂದಿಬೆಟ್ಟದ ಸೀಮೆಯಲ್ಲಿರುವ ಮುದ್ದೇನಹಳ್ಳಿಗೆ ಹೋದವರು ಈ ಎರಡು ಬಗೆಯ ವಸ್ತುಗಳನ್ನೂ ಒಂದೇ ಸೂರಿನ ಕೆಳಗೆ ಕಾಣಬಹುದು. ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯು ಈಗ ಸ್ಮಾರಕ ವಸ್ತುಸಂಗ್ರಹಾಲಯವಾಗಿರುವುದಷ್ಟೆ. 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದು, 1915ರಲ್ಲಿ ಸರ್ ಪದವಿಯನ್ನೂ 1955ರಲ್ಲಿ ಭಾರತರತ್ನವನ್ನೂ ಪಡೆದ ಆ ಮಹನೀಯರ ಪ್ರಶಸ್ತಿಗಳೂ ಬಿರುದುಗಳ ಗುರುತುಗಳೂ ಅಲ್ಲಿವೆ. ಜೊತೆಗೆ ಅವರ ಕನ್ನಡಕ, ಅವರು ಬಳಸಿದ ಬಟ್ಟಲುಗಳು, ಪುಸ್ತಕಗಳು, ಅವರ ಹೆಸರಿನ ಚೀಟಿಗಳನ್ನು ಅಚ್ಚು ಹಾಕುತ್ತಿದ್ದ ಪಡಿಯಚ್ಚು ಇವೂ ಇವೆ. ನೋಡಹೋದವರು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುವರು? ಪದಕದ ಮುಂದೆ ನಿಂತಾಗ ತಲೆ ಬಾಗುವುದು. ಕನ್ನಡಕದ ಮುಂದೆ ನಿಂತಾಗ ಮನಸ್ಸು ಕರಗುವುದು. ಒಂದು ಗೌರವ, ಇನ್ನೊಂದು ಸಾಮೀಪ್ಯ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ವಿಚಾರವು ಗಾಳಿಯಲ್ಲಿ ತೇಲದೆ ನೆಲದ ಮೇಲೆ ನಿಲ್ಲುವುದಕ್ಕಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಸಮುದ್ರದ ಅಲೆಯ ಸದ್ದು ಎಂದೂ ಕೇಳದ ನಮ್ಮ ನಾಲ್ಕು ತಾಲ್ಲೂಕುಗಳೊಳಗಿನ ಯಾವುದೋ ಒಂದು ಮನೆಯ ಹಿರಿಯರು ನೌಕಾದಳದಲ್ಲಿ ಶಸ್ತ್ರವೈದ್ಯರಾಗಿದ್ದು ಕಾಲವಾದರೆಂದು ಭಾವಿಸೋಣ. ಅವರ ಟ್ರಂಕಿನಲ್ಲಿ ಮೂರು ಪದಕಗಳು, ಶಸ್ತ್ರಗಳ ಪೆಟ್ಟಿಗೆ, ಎದೆಯ ಬಡಿತ ಕೇಳುವ ಸ್ಟೆತಾಸ್ಕೋಪು, ಒಂದು ದಿನಚರಿ, ಕಾಗದಗಳ ಒಂದು ಕಟ್ಟು ಇವೆ. ಮಕ್ಕಳು ಮೂವರು. ಪದಕ ಮೂರಿರುವುದರಿಂದ ತಲೆಗೊಂದರಂತೆ ಹಂಚಿಕೊಳ್ಳೋಣವೆಂದು ಒಬ್ಬನು. ಪಟ್ಟಣದಲ್ಲಿ ಇಂತಹುದನ್ನು ಕೊಳ್ಳುವವರಿದ್ದಾರೆ, ಮಾರಿ ಹಣವನ್ನು ಹಂಚಿಕೊಳ್ಳೋಣವೆಂದು ಇನ್ನೊಬ್ಬನು. ದೇವರ ಮನೆಯಲ್ಲಿಟ್ಟು ಪೂಜಿಸೋಣವೆಂದು ಮೂರನೆಯವನು. ಇವರಲ್ಲಿ ಯಾರ ಮಾತು ಧರ್ಮಕ್ಕೆ ಸಮ್ಮತ?

ನೌಕಾವೈದ್ಯನನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಯೋಧನ ಪದಕಕ್ಕೂ ವೈದ್ಯನ ಪದಕಕ್ಕೂ ಅಂತರವಿದೆ. ಯೋಧನು ಶತ್ರುವನ್ನು ಅಡಗಿಸಿದುದಕ್ಕಾಗಿ ಅದನ್ನು ಪಡೆಯುವನು; ವೈದ್ಯನು ಮೃತ್ಯುವನ್ನು ತಡೆದುದಕ್ಕಾಗಿ, ಅಥವಾ ತಡೆಯಲು ನಿಂತುದಕ್ಕಾಗಿ. ವೈದ್ಯನು ಧನಕ್ಕಾಗಿಯೂ ಅಲ್ಲ, ಕಾಮನೆಗಾಗಿಯೂ ಅಲ್ಲ, ಭೂತದಯೆಯಿಂದಲೇ ಚಿಕಿತ್ಸೆ ಮಾಡತಕ್ಕವನೆಂಬುದು ಚರಕಸಂಹಿತೆಯ ಮತ. ಹಡಗಿನ ವೈದ್ಯನಿಗಂತೂ ಈ ಧರ್ಮವು ಇನ್ನೂ ಕಠಿನವಾದುದು. ರೋಗಿಯನ್ನು ಬಿಟ್ಟು ಹೋಗೋಣವೆಂದರೆ ಸುತ್ತಲೂ ನೀರು. ನಮ್ಮ ನೌಕಾದಳದವರು ಕಾರವಾರದ ತಮ್ಮ ಆಸ್ಪತ್ರೆಗೆ ಪತಂಜಲಿಯ ಹೆಸರನ್ನಿಟ್ಟಿರುವರು. ಮಾತಿನ ದೋಷವನ್ನು ವ್ಯಾಕರಣದಿಂದಲೂ, ಚಿತ್ತದ ದೋಷವನ್ನು ಯೋಗದಿಂದಲೂ, ದೇಹದ ದೋಷವನ್ನು ವೈದ್ಯದಿಂದಲೂ ನೀಗಿದವನೆಂದು ಆ ಋಷಿಯನ್ನು ಸ್ತುತಿಸುವ ಸಂಪ್ರದಾಯವನ್ನು ನೆನೆದರೆ, ಆ ಹೆಸರು ಉಚಿತವಾಗಿಯೇ ಇದೆ.

ನೌಕಾವೈದ್ಯರ ಚರಿತ್ರೆಯಲ್ಲಿ ಎರಡು ನಿಜವಾದ ವೃತ್ತಾಂತಗಳು ನಮ್ಮ ವಿಚಾರಕ್ಕೆ ಬಹಳ ಸಹಾಯಕವಾಗಿವೆ. ಕ್ರಿ. ಶ. 1805ರಲ್ಲಿ ಟ್ರಫಾಲ್ಗರಿನ ಸಮುದ್ರಯುದ್ಧ ನಡೆದಾಗ 'ವಿಕ್ಟರಿ' ಎಂಬ ಹಡಗಿನ ಶಸ್ತ್ರವೈದ್ಯನಾಗಿದ್ದವನು ವಿಲಿಯಂ ಬೀಟಿ. ನೌಕಾಪತಿಯಾದ ನೆಲ್ಸನನು ಗುಂಡೇಟು ತಿಂದು ಕೆಳಗಿನ ಅಂತಸ್ತಿಗೆ ತರಲ್ಪಟ್ಟಾಗ, ತನಗೆ ಮಾಡತಕ್ಕುದೇನೂ ಉಳಿದಿಲ್ಲವೆಂದು ಹೇಳಿ, ಗಾಯಗೊಂಡ ಇತರರನ್ನು ನೋಡುವಂತೆ ಬೀಟಿಯನ್ನು ಕಳುಹಿಸಿದನು. ನೆಲ್ಸನನು ಮಡಿದ ಮೇಲೆ ಬೀಟಿಯು ಆ ಗುಂಡನ್ನು ದೇಹದಿಂದ ತೆಗೆದನು. ಅದು ಒಂದು ಸಣ್ಣ ಕರಡಿಗೆಯಲ್ಲಿ ಜೋಡಿಸಲ್ಪಟ್ಟು ಬೀಟಿಯ ಬಳಿಯಲ್ಲಿಯೇ ಉಳಿಯಿತು. ಅವನ ಮರಣಾನಂತರ ವಿಕ್ಟೋರಿಯಾ ರಾಣಿಗೆ ಸಂದಿತು. ಈಗ ವಿಂಡ್ಸರಿನ ಅರಮನೆಯಲ್ಲಿದೆ. ಇನ್ನು ಪದಕದ ಸಂಗತಿ. ಆ ಯುದ್ಧಕ್ಕಾಗಿ ಸರ್ಕಾರವು ಆ ಕಾಲದಲ್ಲಿ ಚಿನ್ನದ ಪದಕಗಳನ್ನು ಕೊಟ್ಟುದು ನೌಕಾಪತಿಗಳಿಗೂ ಹಡಗುಗಳ ನಾಯಕರಿಗೂ ಮಾತ್ರ. ಉಳಿದವರಿಗೆ ಪದಕವನ್ನು ಗೊತ್ತುಮಾಡಿದುದು 1847ರಲ್ಲಿ, ಅದೂ ಬದುಕಿದ್ದು ಕೇಳಿಕೊಂಡವರಿಗೆ. ಬೀಟಿಯು 1842ರಲ್ಲಿಯೇ ತೀರಿಹೋಗಿದ್ದನು.

ಎರಡನೆಯವನು ವಿಲಿಯಂ ಜಾಬ್ ಮೇಲಾರ್ಡ್ ಎಂಬ ನೌಕಾವೈದ್ಯನು. 1898ರ ಸೆಪ್ಟೆಂಬರಿನಲ್ಲಿ ಕ್ರೀಟ್ ದ್ವೀಪದ ಕ್ಯಾಂಡಿಯಾ ಪಟ್ಟಣದಲ್ಲಿ, ಗುಂಡಿನ ಮಳೆಯ ನಡುವೆ, ದೋಣಿಯಲ್ಲಿ ಬಿದ್ದಿದ್ದ ಒಬ್ಬ ನಾವಿಕನನ್ನು ಎತ್ತಿ ತರಲು ಅವನು ಸುರಕ್ಷಿತವಾದ ಸ್ಥಳದಿಂದ ಹಿಂದಿರುಗಿ ಹೋದನು. ನಾವಿಕನು ಆಗಲೇ ಪ್ರಾಣ ಬಿಡುವ ಸ್ಥಿತಿಯಲ್ಲಿದ್ದನು, ಎತ್ತುವುದು ಸಾಧ್ಯವಾಗಲಿಲ್ಲ. ಮೇಲಾರ್ಡನು ಬರಿಗೈಯಲ್ಲಿ ಮರಳಿದನು. ಉಡುಪಿನಲ್ಲೆಲ್ಲ ಗುಂಡಿನ ತೂತುಗಳು, ಮೈಗೆ ಗಾಯವಿಲ್ಲ. ಈ ಕಾರ್ಯಕ್ಕಾಗಿ ಆ ದೇಶದ ಅತ್ಯುಚ್ಚವಾದ ವಿಕ್ಟೋರಿಯಾ ಕ್ರಾಸ್ ಎಂಬ ಪದಕವು ಅವನಿಗೆ ಬಂದಿತು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯವು ಸ್ಪಷ್ಟವಾಗುವುದು. ಬೀಟಿಯು ಕಾಪಾಡಿಕೊಂಡ ವಸ್ತುವು ಅವನ ವಿದ್ಯೆಯು ಸೋತುದರ ಸಾಕ್ಷಿ. ಮೇಲಾರ್ಡನಿಗೆ ಸಂದ ಪದಕವೂ ಉಳಿಸಲಾಗದ ಪ್ರಾಣಕ್ಕಾಗಿಯೇ ಸಂದುದು. ಫಲವನ್ನು ನೋಡಿ ಬಹುಮಾನ ಕೊಡುವುದಾದರೆ ಇಬ್ಬರಿಗೂ ಏನೂ ಸಲ್ಲಬಾರದು. ಹಾಗಾದರೆ ಲೋಕವು ಗೌರವಿಸಿದುದೇನನ್ನು? ಕರ್ಮದಲ್ಲಿ ಮಾತ್ರ ಅಧಿಕಾರ, ಫಲದಲ್ಲಿ ಇಲ್ಲವೆಂದು ನಾವು ಬಾಲ್ಯದಿಂದ ಓದಿ ಬಾಯಿಪಾಠ ಮಾಡಿರುವ ತತ್ತ್ವವನ್ನೇ, ಅದರ ಹೆಸರನ್ನೂ ಕೇಳದ ಜನರು ಆಚರಣೆಯಲ್ಲಿ ಒಪ್ಪಿಕೊಂಡರೆಂದು ಹೇಳಬೇಕು. ಯೋಗ್ಯವಾದ ಪದಕವು ಫಲದ ಬೆಲೆಯಲ್ಲ, ಕರ್ಮದ ಗುರುತು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. "ನಿಷ್ಕಾಮನಾದವನಿಗೆ ಪದಕವೇಕೆ? ಅದನ್ನು ತೆಗೆದುಕೊಂಡುದೇ ಕಾಮನೆಯ ಲಕ್ಷಣ. ಸತ್ತ ಮೇಲೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದು ಮೋಹದ ಪರಾಕಾಷ್ಠೆ. ತ್ಯಜಿಸುವುದೇ ಮೇಲು." ಈ ಪಕ್ಷಕ್ಕೆ ದೊಡ್ಡವರ ಆಚಾರದ ಬೆಂಬಲವೂ ಉಂಟು. ಮಹಾತ್ಮ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧದಲ್ಲಿಯೂ, 1906ರ ಜೂಲೂ ದಂಗೆಯಲ್ಲಿಯೂ ಗಾಯಾಳುಗಳನ್ನು ಹೊತ್ತು ಶುಶ್ರೂಷೆ ಮಾಡುವ ಪಡೆಯನ್ನು ಕಟ್ಟಿ ದುಡಿದು ಎರಡು ಪದಕಗಳನ್ನು ಪಡೆದಿದ್ದರು. 1915ರಲ್ಲಿ ಕೈಸರ್-ಎ-ಹಿಂದ್ ಎಂಬ ಚಿನ್ನದ ಪದಕವೂ ಬಂದಿತ್ತು. ಮೂರೂ ಉಪಶಮನದ ಕಾರ್ಯಕ್ಕೆ ಸಂದುವು. ಮೂರನ್ನೂ 1920ರ ಆಗಸ್ಟಿನಲ್ಲಿ ವೈಸರಾಯರಿಗೆ ಹಿಂದಿರುಗಿಸಿದರು. ಏಳು ವರ್ಷಗಳ ಮೇಲೆ, 1927ರಲ್ಲಿ, ಅವರೇ ರೋಗಿಯಾಗಿ ನಮ್ಮ ನಂದಿಬೆಟ್ಟಕ್ಕೆ ಬಂದು ವಿಶ್ರಮಿಸಿಕೊಂಡರು. ಆಗ ಸುತ್ತಣ ಹಳ್ಳಿಗಳ ಜನರು ಅವರನ್ನು ನೋಡಲು ಬೆಟ್ಟ ಹತ್ತಿದುದು ಪದಕವನ್ನು ನೋಡಿಯಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾಕ್ಟರ್ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, 1984ರಲ್ಲಿ ಪದ್ಮಭೂಷಣ ಪಡೆದವರು. ಆದರೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರಿಗೆ ಮನೆಯಾಗಿತ್ತು. ವಸ್ತುಗಳ ಹಂಗಿಲ್ಲದೆ ಕೀರ್ತಿಯು ನಿಲ್ಲಬಲ್ಲದೆಂಬುದಕ್ಕೆ ಇವರಿಗಿಂತ ಸಾಕ್ಷಿ ಬೇಕೆ?

ಇದಕ್ಕೆ ಸಮಾಧಾನವೇನೆಂದರೆ— ತ್ಯಾಗವು ಒಡೆಯನ ಧರ್ಮವೇ ಹೊರತು ವಾರಸುದಾರನ ಧರ್ಮವಲ್ಲ. ಗಾಂಧಿಯವರು ಹಿಂದಿರುಗಿಸಿದುದು ತಾವು ಗಳಿಸಿದ ಪದಕಗಳನ್ನು. ತಂದೆಯು ಗಳಿಸಿದುದನ್ನು ಮಗನು ಎಸೆದು, ತಾನು ವಿರಕ್ತನೆಂದು ಹೇಳಿಕೊಂಡರೆ, ಅದು ಪರರ ಹಸುವನ್ನು ದಾನಮಾಡಿದಂತಾಗುವುದು. ತನ್ನದಲ್ಲದ ಕೀರ್ತಿಯನ್ನು ತೊಡುವುದು ಎಷ್ಟು ಹಾಸ್ಯಾಸ್ಪದವೋ, ತನ್ನದಲ್ಲದ ಕೀರ್ತಿಯನ್ನು ತ್ಯಜಿಸುವುದೂ ಅಷ್ಟೇ ಹಾಸ್ಯಾಸ್ಪದವು. ಇನ್ನು, ಪದಕವನ್ನು ಸ್ವೀಕರಿಸುವುದು ಕಾಮನೆಯೇ ಎಂಬ ಮಾತು. ಕೃತಜ್ಞತೆಯೆಂಬುದು ಉಪಕಾರ ಪಡೆದವರ ಕರ್ತವ್ಯ. ಕೊಡುವವರ ಕರ್ತವ್ಯಕ್ಕೆ ಅಡ್ಡಿಯಾಗದಂತೆ ಕೈಯೊಡ್ಡುವುದು ಕಾಮನೆಯಾಗಲಾರದು. ಕೊಡಲೆಂದು ಕಾದು ಕುಳಿತರೆ ಮಾತ್ರ ಕಾಮನೆ.

ಎರಡನೆಯ ಪೂರ್ವಪಕ್ಷವು ಹಂಚಿಕೊಳ್ಳೋಣ, ಮಾರೋಣ ಎನ್ನುವವರದು. "ಪದಕವು ಲೋಹ, ಲೋಹವು ಆಸ್ತಿ, ಆಸ್ತಿಯು ಮಕ್ಕಳಿಗೆ." ಈ ಮಾತನ್ನು ಧರ್ಮಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ನಮ್ಮ ಕನ್ನಡನಾಡಿನಲ್ಲಿಯೇ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದನು. ಭಾರತದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಅದೇ ಪ್ರಮಾಣವಾಯಿತು. ಶೌರ್ಯದಿಂದ ಬಂದ ಧನವೂ ವಿದ್ಯೆಯಿಂದ ಬಂದ ಧನವೂ ಅಣ್ಣತಮ್ಮಂದಿರೊಳಗೆ ಪಾಲಿಗೆ ಬರತಕ್ಕುವಲ್ಲವೆಂಬುದು ಸ್ಮೃತಿಕಾರರ ಮತ. ಯುದ್ಧದಲ್ಲಿ ಶಸ್ತ್ರವೈದ್ಯನು ಪಡೆದ ಪದಕವು ಶೌರ್ಯಧನವೂ ಹೌದು, ವಿದ್ಯಾಧನವೂ ಹೌದು. ಆಶ್ಚರ್ಯವೇನೆಂದರೆ, ನಮ್ಮ ಸಂವಿಧಾನದ 18ನೆಯ ಅನುಚ್ಛೇದವು ರಾಜ್ಯವು ಯಾರಿಗೂ ಬಿರುದನ್ನು ಕೊಡಕೂಡದೆಂದು ವಿಧಿಸುವಾಗ ಬಿಟ್ಟಿರುವುದು ಈ ಎರಡನ್ನೇ— ಸೈನ್ಯದ ಪುರಸ್ಕಾರ ಮತ್ತು ವಿದ್ಯೆಯ ಪುರಸ್ಕಾರ.

ಆದರೆ ಈ ನಿಯಮವನ್ನು ಎಲ್ಲಿಗೆ ಸಲ್ಲುವುದೋ ಅಲ್ಲಿಯವರೆಗೆ ಮಾತ್ರ ಎಳೆಯಬೇಕು. ಅಣ್ಣತಮ್ಮಂದಿರಿಗೆ ಪಾಲಿಲ್ಲವೆಂದಾಕ್ಷಣ ಮಕ್ಕಳಿಗೂ ಇಲ್ಲವೆಂದಾಗುವುದಿಲ್ಲ. ಸ್ವಾರ್ಜಿತವು ಮಕ್ಕಳಿಗೆ ಸೇರುವುದು ನ್ಯಾಯವೇ. ಲೋಹವು ಮಕ್ಕಳದೆಂದು ಒಪ್ಪೋಣ. ಅದಕ್ಕೆ ಅಂಟಿದ ಕೀರ್ತಿಯೋ? ಭಾರತರತ್ನ ಮೊದಲಾದ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಪಡೆದವನಿಗೇ ಹೆಸರಿನೊಡನೆ ಹೊತ್ತು ತಿರುಗುವ ಹಕ್ಕಿಲ್ಲದ ಮೇಲೆ ಮಗನಿಗೆಲ್ಲಿಯದು? ಹೀಗೆ ಪದಕವು ಎರಡು ಭಾಗವಾಗುವುದು: ಲೋಹವು ಮನೆಗೆ ಇಳಿದು ಬರುವುದು, ಗೌರವವು ಇಳಿದು ಬರುವುದಿಲ್ಲ.

ಮಿತಾಕ್ಷರೆಯ ಇನ್ನೊಂದು ವಿವೇಕವನ್ನೂ ಇಲ್ಲಿ ಗಮನಿಸಬೇಕು. ವಿದ್ಯಾಧನವು ಸ್ವಂತವಾಗಬೇಕಾದರೆ ಪಿತೃದ್ರವ್ಯಕ್ಕೆ ನಷ್ಟವಿಲ್ಲದೆ ಗಳಿಸಿದುದಾಗಿರಬೇಕು. ಮನೆಯ ಹಣದಿಂದ ಓದಿ ಗಳಿಸಿದುದರಲ್ಲಿ ಮನೆಗೆ ಪಾಲುಂಟು. 1930ರಲ್ಲಿ ಬಂದ ಒಂದು ಕಾನೂನು ವಿದ್ಯಾರ್ಜಿತವೆಲ್ಲವೂ ಅರ್ಜಿಸಿದವನದೇ ಎಂದು ಇದನ್ನು ಬದಲಾಯಿಸಿತು. ವ್ಯವಹಾರಕ್ಕೆ ಆ ಕಾನೂನೇ ಸರಿ. ಆದರೆ ಹಳೆಯ ವಿವೇಕದ ತಿರುಳು ಸಾಯಲಿಲ್ಲ. ನೌಕಾವೈದ್ಯನ ವಿದ್ಯೆಗೆ, ಅವನ ಹಡಗಿಗೆ, ಅವನ ಔಷಧಕ್ಕೆ ವೆಚ್ಚವಾದುದು ಯಾರ ಹಣ? ಪ್ರಜೆಗಳ ಹಣ. ಆ ಲೆಕ್ಕದಲ್ಲಿ ಇಡೀ ಪ್ರಜಾಸಮೂಹವೇ ಅವಿಭಕ್ತ ಕುಟುಂಬ; ಅದಕ್ಕೂ ಪಾಲುಂಟು. ಆ ಪಾಲು ಹಣದ ರೂಪದ್ದಲ್ಲ. ಕಾಣುವ ಹಕ್ಕು, ಕೇಳುವ ಹಕ್ಕು, ಅರಿಯುವ ಹಕ್ಕು.

ಇನ್ನು ಕೈಬಳಕೆಯ ವಸ್ತುಗಳು. ತಂದೆಯ ಉಡುಪು, ಒಡವೆ, ಹಾಸಿಗೆ, ವಾಹನಗಳನ್ನು ಗಂಧಪುಷ್ಪಗಳಿಂದ ಅರ್ಚಿಸಿ ಅವನ ಶ್ರಾದ್ಧದಲ್ಲಿ ಉಂಡವನಿಗೆ ಕೊಟ್ಟುಬಿಡಬೇಕೆಂಬ ಬೃಹಸ್ಪತಿಯ ವಿಧಿಯನ್ನು ವಿಜ್ಞಾನೇಶ್ವರನು ಎತ್ತಿ ಹೇಳಿರುವನು. ಇದರ ಸೂಕ್ಷ್ಮವನ್ನು ನೋಡಿ. ಹೊಲ ಮನೆಗಳು ಮಕ್ಕಳಿಗೆ. ಮೈ ಸೋಂಕಿದ ವಸ್ತುಗಳು ಮಾತ್ರ ಮಕ್ಕಳಿಗಲ್ಲ, ಅವನ ಹೆಸರಿನಲ್ಲಿ ತೃಪ್ತನಾದ ಹೊರಗಿನವನಿಗೆ. ತೀರ ಹತ್ತಿರದ ವಸ್ತುಗಳನ್ನು ಲಾಭದ ಲೆಕ್ಕದಿಂದ ಹೊರಗಿಡಬೇಕೆಂಬುದೇ ಇದರ ಅಭಿಪ್ರಾಯವೆಂದು ತೋರುವುದು. ವೈದ್ಯನ ಶಸ್ತ್ರದ ಪೆಟ್ಟಿಗೆಯು ವೈದ್ಯ ಕಲಿಯುವ ಬಡ ಹುಡುಗನೊಬ್ಬನ ಕಣ್ಣಿಗೆ ಬೀಳುವ ಸ್ಥಳದಲ್ಲಿದ್ದರೆ ಆ ವಿಧಿಯು ಅಕ್ಷರದಲ್ಲಿ ಅಲ್ಲದಿದ್ದರೂ ಅರ್ಥದಲ್ಲಿ ನಡೆದಂತೆಯೇ ಸರಿ.

ಮಾರುವ ಮಾತನ್ನು ಪ್ರತ್ಯೇಕವಾಗಿ ತೂಗಬೇಕು. 2009ರಲ್ಲಿ ಗಾಂಧಿಯವರ ಕನ್ನಡಕ, ಗಡಿಯಾರ, ಪಾದರಕ್ಷೆ, ತಟ್ಟೆ ಬಟ್ಟಲುಗಳು ನ್ಯೂಯಾರ್ಕಿನಲ್ಲಿ ಹರಾಜಾಗಿ 18 ಲಕ್ಷ ಡಾಲರಿಗೆ ಹೋದುವು. ಏನೂ ಬೇಡವೆಂದವರ ತಟ್ಟೆಗೆ ಅಷ್ಟು ಬೆಲೆ! ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ದಿನವೂ ಹರಾಜು ನಡೆಯುವುದು. ಅಲ್ಲಿ ಕೊಳ್ಳುವವನು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅದರಲ್ಲಿ ನೂಲೆಷ್ಟು ಬಂದೀತೆಂದು ಬಲ್ಲ ಕಣ್ಣಿನಿಂದ ಬೆಲೆ ಕೂಗುವನು. ಬೆಲೆಗೂ ಗುಣಕ್ಕೂ ಸಂಬಂಧವಿದೆ. ಪದಕದ ಹರಾಜಿನಲ್ಲಿ ಬೆಲೆಯು ಕೊಳ್ಳುವವನ ಆಸೆಯನ್ನು ಅಳೆಯುವುದೇ ಹೊರತು ಪಡೆದವನ ಗುಣವನ್ನು ಅಳೆಯುವುದಿಲ್ಲ. ಎಷ್ಟು ಕೊಟ್ಟರೂ ಅವನಿಗೆ ದೊರೆಯುವುದು ಲೋಹವೇ.

ಆದರೆ ಹಸಿದವರು ಮಾರಿದರೆ? ವಿಧವೆಯೊಬ್ಬಳು ಮಕ್ಕಳ ಅನ್ನಕ್ಕಾಗಿ ಗಂಡನ ಪದಕವನ್ನು ಅಡವಿಟ್ಟರೆ ಅವಳನ್ನು ಅಧರ್ಮಿಯೆನ್ನಲು ಯಾರಿಗೆ ನಾಲಿಗೆ ಬಂದೀತು? ಇಲ್ಲಿ ನಮ್ಮ ನಾಡಿನ ಹಳೆಯ ಪದ್ಧತಿಯನ್ನು ನೆನೆಯಬೇಕು. ವೀರನು ಮಡಿದರೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ಗೆದ್ದು ಬಂದ ವೀರನಿಗೂ ಕತ್ತಿ ತೊಳೆದ ಗೌರವವೆಂದು ಬಾಳ್ಗಚ್ಚಿನ ಹೆಸರಿನಲ್ಲಿ ಊರುಗಳನ್ನು ಕೊಡುತ್ತಿದ್ದರು. ಹತ್ತನೆಯ ಶತಮಾನದ ಆತಕೂರಿನ ಶಾಸನವನ್ನು ನೋಡಿ: ಗಂಗರ ಬೂತುಗನು ತನ್ನ ವೀರನಾದ ಮಣಲೆರನಿಗೆ ಬಾಳ್ಗಚ್ಚು ಕೊಟ್ಟುದೂ ಅದರಲ್ಲಿದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗಾಗಿ ಮಣಲೆರನು ಆ ಕಲ್ಲನ್ನು ನಿಲ್ಲಿಸಿ ಅದರ ಪೂಜೆಗೆ ಭೂಮಿ ಬಿಟ್ಟುದೂ ಅದರಲ್ಲಿದೆ. ನಾಯಿಗೂ ಬರಿಯ ಕಲ್ಲನ್ನು ಮಾತ್ರ ನಿಲ್ಲಿಸಿ ಸುಮ್ಮನಾಗಲಿಲ್ಲ. ಗೌರವ ಮತ್ತು ಜೀವನೋಪಾಯ ಎರಡೂ ಜೊತೆಯಲ್ಲಿ ನಡೆದುವು. ಅನ್ನವಿಲ್ಲದ ಪದಕವನ್ನು ಕೊಟ್ಟ ಸಮಾಜವು, ಆ ಪದಕವನ್ನು ಮಾರಿ ಅನ್ನವುಂಡವರನ್ನು ದೂಷಿಸಲಾರದು, ದೋಷವು ಕೊಟ್ಟವರದು.

ವೀರಗಲ್ಲಿನಿಂದ ಕಲಿಯತಕ್ಕ ಪಾಠವು ಇನ್ನೂ ಒಂದಿದೆ. ಕಲ್ಲು ನಿಂತುದು ಮನೆಯೊಳಗಲ್ಲ. ಊರ ಬಾಗಿಲಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಮುಂದೆ. ಅದರ ಮೇಲೆ ಯಾರು, ಯಾವಾಗ, ಯಾವ ಕಾಳಗದಲ್ಲಿ ಎಂಬುದನ್ನು ಬರೆದರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು 1905ರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ, ಆಗಿನ ಕೋಲಾರ ಜಿಲ್ಲೆಯ ಭಾಗವಾಗಿ, ಪ್ರಕಟಿಸಿದರು. ಅಕ್ಷರವಿದ್ದ ಕಲ್ಲುಗಳ ವೀರರು ಸಾವಿರ ವರ್ಷವಾದರೂ ಹೆಸರಿನಿಂದ ಕರೆಯಿಸಿಕೊಳ್ಳುವರು. ಅಕ್ಷರ ಸವೆದ ಕಲ್ಲೋ, ಬಟ್ಟೆ ಒಗೆಯುವ ಬಂಡೆಯಾಗಿ ಮುಗಿಯುವುದು. ಬ್ರಿಟಿಷರ ಕಾಲದ ಯುದ್ಧಪದಕಗಳ ಅಂಚಿನಲ್ಲಿ ಪಡೆದವನ ಹೆಸರನ್ನು ಕೊರೆಯುತ್ತಿದ್ದುದು ಸಾಮಾನ್ಯ. ಹೆಸರೇನೋ ಅಲ್ಲಿದೆ, ಮಾಡಿದ ಕಾರ್ಯವು ಅಲ್ಲಿಲ್ಲ. ಕಥೆಯನ್ನು ಬಲ್ಲ ಮುದುಕಿಯು ಸತ್ತ ದಿನವೇ ಆ ಪದಕವು ಮೂಕವಾಗುವುದು.

ವಸ್ತುವೇ ಮುಖ್ಯವೋ ಕಥೆಯೇ ಮುಖ್ಯವೋ ಎಂಬ ಸಂದೇಹಕ್ಕೆ ರವೀಂದ್ರನಾಥ ಠಾಕೂರರ ನೊಬೆಲ್ ಪದಕವು ಒಳ್ಳೆಯ ನಿದರ್ಶನ. 2004ರ ಮಾರ್ಚಿಯಲ್ಲಿ ಅದು ಶಾಂತಿನಿಕೇತನದ ವಸ್ತುಸಂಗ್ರಹಾಲಯದಿಂದ ಕಳುವಾಯಿತು. ಬಳಿಕ ನೊಬೆಲ್ ಸಂಸ್ಥೆಯವರು ಪ್ರತಿಕೃತಿಗಳನ್ನು ಮಾಡಿಸಿ ಕೊಟ್ಟರು. ಕಳ್ಳನು ಕವಿಯ ಕವಿತೆಯಲ್ಲಿ ಒಂದಕ್ಷರವನ್ನೂ ಕೊಂಡೊಯ್ಯಲಿಲ್ಲ. ಕೀರ್ತಿಯಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೂ ದೇಶವು ಮರುಗಿತು. ಏಕೆಂದರೆ ಪ್ರತಿಕೃತಿಯಲ್ಲಿ ಆಕಾರವಿದೆ, ಸ್ಪರ್ಶವಿಲ್ಲ. ಕೈವಾರದ ಯೋಗಿ ನಾರೇಯಣರ ಭಕ್ತರನ್ನು ಕೇಳಿದರೆ ಬೇರೊಂದು ಉತ್ತರ ದೊರೆಯುವುದು: ಅವರು ತಾತಯ್ಯನವರನ್ನು ಉಳಿಸಿಕೊಂಡಿರುವುದು ಹಾಡಿನಲ್ಲಿ. ಹಾಡನ್ನು ಕಳ್ಳನು ಕದಿಯಲಾರನು. ಆದರೆ ಹಾಡುವವರಿಲ್ಲದಿದ್ದರೆ ಅದು ತಾನೇ ಹೋಗುವುದು. ಆದುದರಿಂದ ಎರಡೂ ಬೇಕು. ವಸ್ತುವು ಕಥೆಗೆ ಆಧಾರ, ಕಥೆಯು ವಸ್ತುವಿಗೆ ಪ್ರಾಣ.

ಪದಕಗಳನ್ನು ಪೂಜಿಸುವುದರಲ್ಲಿ ಒಂದು ಅಪಾಯವನ್ನೂ ಮರೆಯಬಾರದು. ಒಬ್ಬನ ಎದೆಯ ಮೇಲಿನ ಹೊಳಪು ಹತ್ತು ಜನರನ್ನು ಕತ್ತಲೆಗೆ ತಳ್ಳುವುದುಂಟು. ಶಸ್ತ್ರವೈದ್ಯನು ಒಬ್ಬನೇ ಗಾಯಾಳುವನ್ನು ಉಳಿಸುವುದಿಲ್ಲ. ಹಿಡಿದುಕೊಂಡವನೊಬ್ಬ, ನೀರು ಕಾಯಿಸಿದವನೊಬ್ಬ, ರಾತ್ರಿಯೆಲ್ಲ ಕಾದ ದಾದಿಯೊಬ್ಬಳು ಇವರ ಹೆಸರನ್ನು ಯಾವ ಅಂಚಿನಲ್ಲಿಯೂ ಕೊರೆದಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜಕ್ಕಾಗಿ ನೆರೆದಿದ್ದ ಜನರ ಮೇಲೆ ಗುಂಡು ಹಾರಿ ಹಲವರು ಮಡಿದರು. ಅವರು ಪದಕದ ಆಸೆಯಿಂದ ಹೋದವರಲ್ಲ; ಸಂಜೆಗೆ ಮನೆಗೆ ಮರಳುವೆವೆಂದು ಹೋದವರು. ಅಲ್ಲಿ ಈಗ ಸ್ಮಾರಕವು ನಿಂತಿದೆ. ಮುದ್ದೇನಹಳ್ಳಿಗೆ ಮಕ್ಕಳನ್ನು ಕರೆದೊಯ್ಯುವವರು ವಿದುರಾಶ್ವತ್ಥಕ್ಕೂ ಕರೆದೊಯ್ದರೆ, ಗೌರವವು ಪದಕಕ್ಕಿಂತ ದೊಡ್ಡದೆಂಬುದು ಮಾತಿಲ್ಲದೆ ತಿಳಿಯುವುದು.

ಇಷ್ಟು ವಿಚಾರದಿಂದ ಸಿದ್ಧವಾಗುವುದೇನು? ಭರತನು ಅಣ್ಣನ ಪಾದುಕೆಗಳನ್ನು ತಂದು ನಂದಿಗ್ರಾಮದಲ್ಲಿಟ್ಟನಷ್ಟೆ. ಅವನು ಅವನ್ನು ಮೆಟ್ಟಲಿಲ್ಲ, ಎಸೆಯಲಿಲ್ಲ, ಪೆಟ್ಟಿಗೆಯಲ್ಲಿ ಮುಚ್ಚಿಡಲೂ ಇಲ್ಲ. ಎಲ್ಲರಿಗೂ ಕಾಣುವಂತೆ ಸಿಂಹಾಸನದ ಮೇಲಿರಿಸಿ, ರಾಜ್ಯವು ತನ್ನಲ್ಲಿ ಇಟ್ಟ ನ್ಯಾಸವೆಂದು ಬಗೆದು ಕಾಯ್ದನು. ಅಗಲಿದವರ ಪದಕಗಳ ವಿಷಯದಲ್ಲಿ ಮಕ್ಕಳ ಸ್ಥಾನವು ಇದೇ. ಅವರು ಒಡೆಯರಲ್ಲ, ನಿಕ್ಷೇಪವನ್ನು ಕಾಯುವವರು. ಇಟ್ಟವನು ಸತ್ತಿರುವನು, ಹಿಂದಕ್ಕೆ ಪಡೆಯತಕ್ಕವರು ಇನ್ನೂ ಹುಟ್ಟಿಲ್ಲ. ನಿಕ್ಷೇಪವನ್ನು ತಾನು ತೊಡುವುದೂ ದೋಷ, ಕೆಡಿಸುವುದೂ ದೋಷ, ಕೇಳಿದವರಿಗೆ ತೋರದಿರುವುದೂ ದೋಷ.

ಮೊದಲು ಕಲ್ಪಿಸಿಕೊಂಡ ಮೂವರು ಮಕ್ಕಳಿಗೆ ಹೇಳತಕ್ಕುದು ಇಷ್ಟು. ಮೂರು ಪದಕಗಳನ್ನು ಮೂರು ಊರಿಗೆ ಹಂಚಬೇಡಿರಿ. ಒಂದು ಜೀವನದ ಕಥೆಯನ್ನು ಮೂರು ತುಂಡು ಮಾಡಿದಂತಾಗುವುದು. ದೇವರ ಮನೆಯಲ್ಲಿಟ್ಟರೆ ಬಾಧಕವಿಲ್ಲ, ಆದರೆ ಕುಂಕುಮದ ಕೆಳಗೆ ಹೆಸರು ಮುಚ್ಚಿಹೋಗದಿರಲಿ. ಪ್ರತಿಯೊಂದು ಯಾವ ವರ್ಷ, ಯಾವ ಹಡಗಿನಲ್ಲಿ, ಯಾರ ಪ್ರಾಣಕ್ಕಾಗಿ ಬಂದಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗೆ ಇಡಿರಿ. ತಂದೆಗೆ ಕೈನೆರವಾದವರ ಹೆಸರು ತಿಳಿದಿದ್ದರೆ ಅದನ್ನೂ ಸೇರಿಸಿರಿ. ಉಳಿಸಲಾಗದವರ ವಿಷಯವನ್ನು ಅವರು ದಿನಚರಿಯಲ್ಲಿ ಬರೆದಿದ್ದರೆ ಆ ಪುಟಗಳನ್ನು ಹರಿಯಬೇಡಿರಿ. ಅವರ ನಿಜವಾದ ಪದಕವು ಅಲ್ಲಿಯೇ ಇರಬಹುದು. ತಿಥಿಯ ದಿನ ಮಕ್ಕಳು ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದನ್ನು ಓದಿರಿ. ಕಾಯುವವರಿಲ್ಲದ ಕಾಲ ಬಂದರೆ ಎಲ್ಲವನ್ನೂ ಒಟ್ಟಾಗಿ ಒಂದು ಸಾರ್ವಜನಿಕ ಸಂಗ್ರಹಾಲಯಕ್ಕೆ ಒಪ್ಪಿಸಿರಿ. ಹಸಿವು ಬಂದು ಮಾರಲೇಬೇಕಾದರೆ ನಾಚದೆ ಮಾರಿರಿ. ಬರೆದ ಹಾಳೆಯನ್ನು ಮಾತ್ರ ಮಾರಬೇಡಿರಿ.

ಇಂತಹ ಪೆಟ್ಟಿಗೆಗಳು ನಮ್ಮ ಸೀಮೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಇದ್ದೇ ಇರುವುವು. ನೌಕಾವೈದ್ಯನದೇ ಆಗಬೇಕೆಂದಿಲ್ಲ, ಹಳ್ಳಿಯ ಶಾಲೆಯ ಮೇಷ್ಟರದು, ಸೂಲಗಿತ್ತಿಯದು, ಕೆರೆಯ ನೀರುಗಂಟಿಯದು ಆಗಿರಬಹುದು. ಅವುಗಳಲ್ಲಿ ಪದಕವಿಲ್ಲದಿದ್ದರೂ ಕಥೆಯುಂಟು. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ವಾಚಕಮಹಾಶಯರು ತಮ್ಮ ತಮ್ಮ ಮನೆಗಳಲ್ಲಿ ತೊಡಗಬೇಕೆಂದು ಪ್ರಾರ್ಥನೆ.